ಮೊಳಕೆಯೊಡೆದ ಏಣಿ

ಆಕೆಗೆ ಅಡುಗೆ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೊಗಳುವುದು ಬಹಳ ಇದೆ. ಅನ್ನಕ್ಕೆ ಇಟ್ಟರೆ ಗಂಜಿಯಾಗುತ್ತಿತ್ತು, ಗಂಜಿಗೆ ಇಟ್ಟರೆ ತಳ ಹತ್ತುತ್ತಿತ್ತು. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಕಲ್ಲಿನ ಮೇಲಿಗಿಂತ ಕೈಬಳೆಯ ಮೇಲೇ ಹೆಚ್ಚು. ಮಾನ್ವಿಯ ನಮ್ಮ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಲು ಬಂದ ದಿನ ನಾನು ಬಾಗಿಲಲ್ಲೇ ನಿಂತು ಹೇಳಿದೆ:

"ನೋಡವಾ, ನಾವು ಲಿಂಗ ಕಟ್ಟಿದವರು. ಈ ಮನ್ಯಾಗ ಮಾಂಸ ಮಾಡಂಗಿಲ್ಲ."

ಆಕೆ ಬುರ್ಖಾದ ಮುಖಪರದೆಯನ್ನು ಹಿಂದಕ್ಕೆ ಎಸೆದು ನಕ್ಕಳು. "ಯವ್ವಾ, ನನಗ ಬ್ಯಾಳಿ ಮಾಡಾಕೂ ಬರಂಗಿಲ್ಲ. ಮಾಂಸದ ಮಾತು ಯಾಕ ತೆಗೀತೀರಿ?"

ಕೋಣೆ ಕೊಟ್ಟೆ. ಓಣಿಯಲ್ಲಿ ಇಬ್ಬರು ಮೂವರು ಮೂಗು ಮುರಿದರು. ಅವರ ಮೂಗು, ಅವರು ಮುರಿದುಕೊಳ್ಳಲಿ ಎಂದೆ.

ಆಕೆಯ ಹೆಸರು ಬರೆಯುವುದಿಲ್ಲ. ಹೆಸರು ಹೇಳಿದರೆ ಅರ್ಧ ಮಾನ್ವಿ ತಾನೊಂದು ಕಥೆ ಹೇಳಲು ಎದ್ದು ನಿಲ್ಲುತ್ತದೆ. ನಾನು ಓದಿದ್ದು ತವರೂರು ಜಾಲಹಳ್ಳಿಯ ಸಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ. ನಿಧಾನಕ್ಕೆ ಬರೆಯುವವಳು. ನಡುವೆ ಯಾರಾದರೂ ಬಾಯಿ ಹಾಕಿದರೆ ನನ್ನ ದಾರ ಕಡಿದುಹೋಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಊರಲ್ಲಿ ಹೊಸದಾಗಿ ಜೂನಿಯರ್ ಕಾಲೇಜು ತೆರೆದಿದ್ದರು. ಅಲ್ಲಿಗೆ ಜೀವಶಾಸ್ತ್ರ ಹೇಳಿಕೊಡಲು ಈಕೆ ರಾಯಚೂರಿನಿಂದ ಬಂದಿದ್ದಳು. ತಂದೆಗೆ ರಾಯಚೂರು ಬಜಾರಿನಲ್ಲಿ ಬಳೆಯಂಗಡಿ ಇತ್ತು. ಅವರು ತೀರಿಕೊಂಡ ಮೇಲೆ ಅಣ್ಣ ನೋಡಿಕೊಳ್ಳುತ್ತಿದ್ದ. ಮನೆಮಾತು ದಖನಿ, ಓದಿದ್ದು ಹೈದರಾಬಾದಿನಲ್ಲಿ ಉರ್ದು, ಇಂಗ್ಲಿಷು. ಕನ್ನಡವೆಂದರೆ ಅಂಗಡಿಗೆ ಬಂದ ಗಿರಾಕಿಗಳ ಜೊತೆ ಆಡಿ ಕಲಿತದ್ದು. ಮಾತಾಡಿದರೆ ನಮ್ಮವಳೇ. ಪುಸ್ತಕ ಕೈಗೆ ಕೊಟ್ಟರೆ ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ ನಡೆಯುತ್ತಿದ್ದಳು.

ಅದೇ ಆಕೆಗೆ ಕುತ್ತಾಗಿತ್ತು. ಕೆಲಸ ಕಾಯಂ ಆಗಿರಲಿಲ್ಲ. ಕನ್ನಡದಲ್ಲಿ ಪಾಠ ಮಾಡಲು ಈಕೆಗೆ ಬರುತ್ತದೋ ಇಲ್ಲವೋ ಎಂದು ಆಡಳಿತ ಮಂಡಳಿಯವರಿಗೆ ಅನುಮಾನ. ವರ್ಷದ ಕೊನೆಗೆ ಎಲ್ಲರೆದುರು ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಎಂದಿದ್ದರು. ಅತ್ತ ರಾಯಚೂರಿನಲ್ಲಿ ಅಣ್ಣ ಇನ್ನೊಂದು ಮಾತು ಹೇಳಿ ಕೂತಿದ್ದ. ಕೆಲಸ ಕಾಯಂ ಆದರೆ ನಿನ್ನ ಪಾಡಿಗೆ ನೀನಿರು. ಆಗದಿದ್ದರೆ ತಿರುಗಿ ಬಂದು ನಾನು ನೋಡಿದವನನ್ನು ನಿಕಾ ಮಾಡಿಕೋ. ಅವನು ನೋಡಿದ್ದು ಹೆಂಡತಿ ಸತ್ತ ಒಬ್ಬ ದೂರದ ನೆಂಟನನ್ನು. ಆ ನೆಂಟನಿಗೆ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಬೇಕಾಗಿತ್ತೇ ಹೊರತು ಕಾಲೇಜಿಗೆ ಹೋಗುವವಳಲ್ಲ.

"ಅಲ್ಲಿ ಹೋದ್ರ ದಿನಾ ಅಡುಗಿ ಮಾಡಬೇಕ್ರಿ ಯವ್ವಾ," ಎನ್ನುತ್ತಿದ್ದಳು, ಅದೊಂದೇ ಕಷ್ಟ ಎನ್ನುವ ಹಾಗೆ. ನಗುತ್ತಲೇ ಹೇಳುತ್ತಿದ್ದಳು. ಆದರೆ ಆ ಮಾತಾಡುವಾಗ ಬಳೆ ಮೇಲೇರುತ್ತಿರಲಿಲ್ಲ.

ಬಳೆಯ ವಿಷಯ ಹೇಳಬೇಕು. ಹುರುಪು ಬಂದರೆ ಆಕೆ ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈವರೆಗೆ ಸರಕ್ಕನೆ ಏರಿಸುತ್ತಿದ್ದಳು, ಜಗಳಕ್ಕೆ ನಿಂತವರ ಹಾಗೆ. ಮಾತಿನ ಭರದಲ್ಲಿ ಅವು ಮತ್ತೆ ಜಾರಿ ಬರುತ್ತಿದ್ದವು, ಮತ್ತೆ ಏರಿಸುತ್ತಿದ್ದಳು. ನಾನು ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದರೂ ಬಳೆಯ ಸದ್ದಿನಿಂದಲೇ ಪಾಠ ಎಲ್ಲಿಗೆ ಬಂತೆಂದು ತಿಳಿಯುತ್ತಿತ್ತು.

ಪಾಠ ಯಾರಿಗೆಂದು ಕೇಳಿದಿರಾ? ನನಗೆ. ನಾಳೆ ಕಾಲೇಜಿನಲ್ಲಿ ಹೇಳುವುದನ್ನು ಇವತ್ತು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿ ನೋಡುತ್ತಿದ್ದಳು.

"ಕನ್ನಡ ತಪ್ಪಿದ್ರ ತಿದ್ರಿ ಯವ್ವಾ. ನಿಮಗ ತಿಳೀತಂದ್ರ ಆ ಹುಡುಗ್ರಿಗೆ ತಿಳದಂಗೇ."

"ಅಂದ್ರ ನಾ ದಡ್ಡಿ ಅಂತೀಯೇನ?"

"ಅಯ್ಯೋ ನಕ್ಕೋ! ಹಂಗಲ್ರಿ. ನೀವು ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತೀರಿ. ಅವರು ತಲಿ ಅಲ್ಲಾಡಿಸ್ತಾರ."

ಅದು ಖರೆ. ನನಗೆ ಸುಮ್ಮನೆ ತಲೆ ಅಲ್ಲಾಡಿಸಿ ಗೊತ್ತಿಲ್ಲ.

ಮೊದಮೊದಲು ಏನೂ ತಿಳಿಯಲಿಲ್ಲ. ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಮನೆಗಳಿಂದ ಕಟ್ಟಿದೆ, ಅದಕ್ಕೆ ಜೀವಕೋಶ ಅನ್ನುತ್ತಾರೆ ಎಂದಳು. ಆಗಲಿ ಎಂದೆ. ಪ್ರತಿ ಮನೆಯ ಒಳಗೆ ಒಂದು ಕೋಣೆ, ಆ ಕೋಣೆಯಲ್ಲಿ ಒಂದು ಬರಹ, ಆ ಬರಹದಲ್ಲಿ ಇಡೀ ಮನುಷ್ಯನನ್ನು ಮಾಡುವ ವಿಧಾನ ಇದೆ ಎಂದಳು. "ಆ ಬರಹದ ಒಂದೊಂದು ಭಾಗಕ್ಕ ವಂಶವಹಿ ಅಂತಾರ."

ನಮ್ಮ ಕಡೆ ಅಂಗಡಿಯ ಲೆಕ್ಕ ಬರೆಯುವ ಪುಸ್ತಕಕ್ಕೂ ವಹಿ, ಮಕ್ಕಳು ಬರೆಯುವ ಪುಸ್ತಕಕ್ಕೂ ವಹಿ ಎನ್ನುತ್ತೇವೆ. "ವಂಶದ ವಹಿ. ಚಲೋ ಹೆಸರಿಟ್ಟಾರ," ಎಂದೆ.

"ಹೌದಲ್ರಿ? ನಮ್ಮ ಅಬ್ಬಾನ ಅಂಗಡ್ಯಾಗೂ ಕೆಂಪು ಬಟ್ಟಿ ಹಚ್ಚಿದ ವಹಿ ಇತ್ತು!" ಎಂದು ಖುಷಿಪಟ್ಟಳು. ಇಬ್ಬರಿಗೂ ಅನುಮಾನ ಬರಲಿಲ್ಲ. ನೆನಪಿಡಿ ಇದನ್ನು.

ಆದರೆ ಒಳಕೋಣೆಯ ಬರಹ ಒಳಕೋಣೆಯಲ್ಲೇ ಇದ್ದರೆ ಕೆಲಸ ಹೇಗೆ ಆಗುತ್ತದೆ ಎನ್ನುವಲ್ಲಿ ನಾನು ಸಿಕ್ಕಿಬಿದ್ದೆ. ನಕಲು ಆಗಿ ಹೊರಗೆ ಹೋಗುತ್ತದೆ ಎಂದು ಆಕೆ ಎಷ್ಟು ಬಗೆಯಲ್ಲಿ ಹೇಳಿದರೂ "ತಿಳೀಲಿಲ್ಲ" ಎಂದೆ. ಅಷ್ಟರಲ್ಲಿ ಒಳಗಿನಿಂದ ನಮ್ಮ ಅತ್ತೆ ಕೂಗಿದರು.

ಅತ್ತೆಗೆ ಕಾಲು ಹೋಗಿದ್ದವು. ಒಳಕೋಣೆಯ ಮಂಚ ಬಿಟ್ಟು ಬರುತ್ತಿರಲಿಲ್ಲ. ಆದರೆ ಮನೆತನದ ಅಡುಗೆಯೆಲ್ಲ ಅವರ ತಲೆಯಲ್ಲಿತ್ತು, ಅವರು ಹೇಳದೆ ಒಲೆಯ ಮೇಲೆ ಏನೂ ಏರುತ್ತಿರಲಿಲ್ಲ. ಒಲೆಯ ಮುಂದೆ ಇದ್ದವಳು ನನ್ನ ಸೊಸೆ. ಅತ್ತೆಗೆ ದನಿ ಸಾಲದು, ಸೊಸೆಗೆ ಕಿವಿ ಸಾಲದು. ನಡುವೆ ಓಡಾಡುವವಳು ನಾನು. ಅವತ್ತು ಒಳಗೆ ಹೋಗಿ ಕೇಳಿಕೊಂಡು ಬಂದು, "ಕಡ್ಲಿಬ್ಯಾಳಿ ಕುದಸು, ಬೆಲ್ಲ ಹಾಕು, ಯಾಲಕ್ಕಿ ಕುಟ್ಟು" ಎಂದು ಸೊಸೆಗೆ ಒಂದೊಂದೇ ಹೇಳಿದೆ. ತಿರುಗಿ ನೋಡಿದರೆ ಈಕೆ ಎದ್ದು ನಿಂತಿದ್ದಾಳೆ, ಬಳೆ ಮೊಣಕೈಗೆ ಏರಿವೆ.

"ಯಾ ಅಲ್ಲಾ! ಇದೇ! ಇದೇ ರೀ ಯವ್ವಾ! ಅಮ್ಮಾರು ಹೊರಗ ಬಂದ್ರೇನು?"

"ಎಲ್ಲಿ ಬರ್ತಾರ? ಕಾಲೇ ಇಲ್ಲಲ್ಲ."

"ಆದ್ರೂ ಹೋಳಿಗಿ ಆಗಾಕತ್ತದ ಹೌದಿಲ್ಲೋ? ಯಾರಿಂದ? ನಿಮ್ಮಿಂದ! ಅಮ್ಮಾರು ಅಂದ್ರ ಒಳಗಿನ ಬರಹ. ಅಕ್ಕಾರು ಅಂದ್ರ ಪ್ರೋಟೀನು ಮಾಡೋ ಒಲಿ. ನೀವು ನಡುವಿನ ನಕಲು!"

ಇಷ್ಟು ವರ್ಷ ಈ ಮನೆಯಲ್ಲಿ ದುಡಿದು ಕೊನೆಗೆ ನಾನು ನಕಲು ಎಂದಾಯಿತು. "ಕೆಲಸ ಮುಗದ ಮ್ಯಾಲ ಆ ನಕಲಿನ ಗತಿ ಏನು?" ಎಂದೆ.

"ಜೀವಕೋಶ ಅದನ್ನ ಹರದು ಚೂರು ಮಾಡ್ತದ್ರಿ."

"ಹಂಗಾರ ಖರೆ ಅದ. ಇದು ನಮ್ಮನಿ ಕಥಿನೇ," ಎಂದೆ. ಸೊಸೆ ಒಲೆಯ ಮುಂದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆಕೆ ಅಲ್ಲಿಗೇ ನಿಲ್ಲದೆ ಒಳಕೋಣೆಗೆ ನುಗ್ಗಿ, "ಅಮ್ಮಾ, ನೀವು ಡಿಎನ್‌ಎ!" ಎಂದು ಸಾರಿದಳು. ಅತ್ತೆ ಕಣ್ಣು ಕಿರಿದು ಮಾಡಿ, "ಯಾವೂರ ಮನಿತನ ಅದು?" ಎಂದು ಕೇಳಿದರು.

ಅವತ್ತಿನಿಂದ ನನಗೂ ಹುಚ್ಚು ಹಿಡಿಯಿತು. ಸುಳ್ಳು ಯಾಕೆ ಹೇಳಲಿ? ಮೂರನೆಯ ಇಯತ್ತೆಯಲ್ಲಿ ಬಿಟ್ಟ ಸಾಲೆ ಮನೆಯ ಹೊಸ್ತಿಲಿಗೇ ಬಂದು ಕೂತಂತಾಗಿತ್ತು. ಸಂಜೆ ಆಕೆಯ ಚಪ್ಪಲಿ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಡುತ್ತಿದ್ದೆ. ನಾಲ್ಕೇ ನಾಲ್ಕು ಅಕ್ಷರದ ಬರಹವಂತೆ ಅದು. ಮೂರು ಮೂರು ಅಕ್ಷರ ಕೂಡಿಸಿ ಓದುವುದಂತೆ. ಪ್ರತಿ ಮೂರಕ್ಕೆ ಒಂದು ಮಣಿ ತಂದು ಪೋಣಿಸುವುದು. ಪೋಣಿಸಿದ ಸರ ತಾನೇ ಸುತ್ತಿಕೊಂಡು, ಮಡಚಿಕೊಂಡು ಪ್ರೋಟೀನು ಆಗುವುದು. ಮಣಿ ಅದಲುಬದಲಾದರೆ ಮಡಿಕೆ ತಪ್ಪುತ್ತದೆ, ಮಡಿಕೆ ತಪ್ಪಿದರೆ ಕೆಲಸ ಕೆಡುತ್ತದೆ.

"ಒಂದು ಅಕ್ಷರ ತಪ್ಪಿದ್ರ ಅಷ್ಟೆಲ್ಲ ಆಗ್ತದೇನು?" ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನೆನಪಾಯಿತು. ಸೊಸೆ ಹೊಸದಾಗಿ ಬಂದಾಗ ನಾನು ಬೆಲ್ಲ ಎಂದದ್ದು ಆಕೆಗೆ ಬೆಳ್ಳುಳ್ಳಿ ಎಂದು ಕೇಳಿಸಿತ್ತು. ಬೀಗರ ಎದುರಿಗೆ ಬೆಳ್ಳುಳ್ಳಿ ಹಾಕಿದ ಹೂರಣ ಬಂದಿತ್ತು. ಅದನ್ನು ಹೇಳಿದಾಗ ಮೇಡಂ ನಕ್ಕು ನಕ್ಕು ಹೊಸ್ತಿಲಿನಿಂದ ಜಾರಿದಳು. ಮರುದಿನ ಕಾಲೇಜಿನಲ್ಲಿ ಅದೇ ಹೂರಣ ಬಡಿಸಿದಳೆಂದು ಓಣಿಯ ಹುಡುಗಿಯರು ಬಂದು ಹೇಳಿದರು. ನನ್ನ ಸೊಸೆಗೆ ಸಂತೆಯಲ್ಲಿ ಮುಖ ತೋರಿಸಲು ನಾಚಿಕೆಯಾಯಿತು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಕಣ್ಣಿನ ಜೀವಕೋಶದಲ್ಲೂ ಅದೇ ಬರಹ, ಉಗುರಿನ ಜೀವಕೋಶದಲ್ಲೂ ಅದೇ ಬರಹ. ಹಾಗಿದ್ದರೆ ಕಣ್ಣಲ್ಲಿ ಉಗುರು ಯಾಕೆ ಬೆಳೆಯುವುದಿಲ್ಲ?

"ಅಮ್ಮಾರಿಗೆ ಎಲ್ಲಾ ಅಡುಗಿ ಗೊತ್ತದ. ದಿನಾ ಎಲ್ಲಾ ಮಾಡಸ್ತಾರೇನು?" ಎಂದಳು. "ಯಾವ ಮನ್ಯಾಗ ಯಾವ ಹಾಳಿ ತೆರೀಬೇಕು, ಯಾವಾಗ ಮುಚ್ಚಬೇಕು, ಅದಕ್ಕೂ ಕಾವಲು ಅದ. ಕರುಳಿನಾಗ ಒಂದು ಸಣ್ಣ ಹುಳ ಅದರೀ ಯವ್ವಾ, ಕಣ್ಣಿಗೆ ಕಾಣಂಗಿಲ್ಲ. ಹಾಲಿನ ಸಕ್ರಿ ಬಂದ್ರ ಮಾತ್ರ ಅದನ್ನ ಒಡಿಯೋ ಹಾಳಿ ತೆರೀತದ. ಹಾಲಿಲ್ಲ, ಹಾಳಿ ಮುಚ್ಚು! ನೀವೂ ಹಂಗೇ. ಹಾಲು ಬಂದ ಮ್ಯಾಲೇ ಹೆಪ್ಪು ಹುಡುಕ್ತೀರಿ."

"ಹಾಲಿಲ್ದ ಹೆಪ್ಪು ಹುಡುಕಾಕ ನನಗೇನು ಹುಚ್ಚೇ?"

"ಆ ಹುಳಕ್ಕೂ ಹುಚ್ಚಿಲ್ರಿ!"

ಹೀಗೆ ವರ್ಷ ಕಳೆಯಿತು. ಪಾಠ ತೋರಿಸುವ ದಿನ ಬಂತು.

ಹಿಂದಿನ ದಿನ ಆಕೆಗೆ ಒಂದು ಹಂಚಿಕೆ ಹೊಳೆಯಿತು. ಬರಹದ ಎಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಮಾಡಿ ತೋರಿಸಬೇಕು. ತಿರುಚಿದ ಏಣಿಯ ಹಾಗೆ ಇರುತ್ತದಂತೆ ಅದು. ಪುಂಡಿನಾರಿನ ಎರಡು ಹಗ್ಗ ನಾನು ಕೊಟ್ಟೆ. ನಾಲ್ಕು ಅಕ್ಷರಕ್ಕೆ ನಾಲ್ಕು ಕಾಳು: ಕಡಲೆ, ತೊಗರಿ, ಹೆಸರು, ಅಲಸಂದಿ. ಕಡಲೆಯ ಜೋಡಿ ತೊಗರಿಯೇ, ಹೆಸರಿನ ಜೋಡಿ ಅಲಸಂದಿಯೇ, ಬೇರೆ ಯಾರ ಜೊತೆಗೂ ಕೂಡುವಂತಿಲ್ಲ. ಒಣಕಾಳಿಗೆ ಸೂಜಿ ಇಳಿಯುವುದಿಲ್ಲ, ಅದಕ್ಕೆ ಬೆಳಿಗ್ಗೆಯೇ ನೆನೆಹಾಕಿದೆವು. ಸಂಜೆ ಕೂತು ಜೋಡಿ ಜೋಡಿ ಪೋಣಿಸಿ ಮೆಟ್ಟಿಲು ಕಟ್ಟಿದೆವು.

ಪೋಣಿಸುವಾಗ ನಾನು ಹೆಸರಿನ ಹಸಿರನ್ನು ನೋಡಿ ನಮ್ಮಪ್ಪನ ಸುದ್ದಿ ತೆಗೆದೆ. ಜಾಲಹಳ್ಳಿಯಲ್ಲಿ ನಮ್ಮ ಮೆಣಸಿನಕಾಯಿ ಹೊಲ ಇತ್ತು. ಅಪ್ಪ ಬಿಡಿಸಲು ಹೋದರೆ ಕೆಂಪುಕಾಯಿಯ ಜೊತೆ ಹಸಿಕಾಯಿಯೂ ಬುಟ್ಟಿಗೆ ಬೀಳುತ್ತಿತ್ತು. ಕಣ್ಣು ಚುರುಕು, ಆದರೆ ಕೆಂಪು ಹಸಿರು ಒಂದೇ ಕಾಣುತ್ತಿತ್ತು. ಅವ್ವ ಬೈದೂ ಬೈದೂ ಸಾಕಾಗಿ ಅವನನ್ನು ಹೊಲಕ್ಕೇ ಬಿಡುತ್ತಿರಲಿಲ್ಲ.

ಆಕೆಯ ಸೂಜಿ ನಿಂತಿತು. "ನಿಮ್ಮ ಅಪ್ಪಾರಿಗೆ? ಖರೇನ್ರಿ? ಅದು ವಹಿಯಾಗಿನ ಒಂದು ಹಾಳಿ ತಪ್ಪು! ಹೆಣ್ಣಿಗೆ ಆ ಹಾಳಿದು ಎರಡು ಪ್ರತಿ ಇರ್ತಾವ, ಒಂದು ಕೆಟ್ರೂ ಇನ್ನೊಂದು ನಡಸ್ತದ. ಗಂಡಿಗೆ ಒಂದೇ. ನಿಮ್ಮ ಕಡಿ ಅದು ಸುಮ್ನೆ ಕೂತದ. ನಿಮ್ಮ ಮಗಳ ಕಡಿನೂ ಕೂತಿರಬಹುದು. ಆಕಿ ಮಗಗ ಬಂದ್ರೂ ಬಂತು."

"ನನ್ನ ಹೊಟ್ಟ್ಯಾಗ ನಮ್ಮಪ್ಪ ಮೆಣಸಿನಕಾಯಿ ಬಚ್ಚಿಟ್ಟಾನೇನು? ಪೋಣಿಸು, ಪೋಣಿಸು," ಎಂದೆ.

ಏಣಿ ಮುಗಿದ ಮೇಲೆ ಕಾಳು ಒಣಗಿ ಸೀಳಬಾರದೆಂದು ಒದ್ದೆ ಬಟ್ಟೆ ಸುತ್ತಿ ಮಡಕೆಯ ಪಕ್ಕದಲ್ಲಿ ಇಟ್ಟೆ. ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು.

ಕಾಲೇಜಿನ ತಗಡಿನ ಹಾಲ್ ತುಂಬಿತ್ತು. ಮುಂದಿನ ಬೆಂಚುಗಳಲ್ಲಿ ಹುಡುಗರು, ಹುಡುಗಿಯರು. ಪಕ್ಕದ ಕುರ್ಚಿಗಳಲ್ಲಿ ಮಂಡಳಿಯವರು. ಅಧ್ಯಕ್ಷರು ಅಕ್ಕಿ ಗಿರಣಿಯ ಧಣಿ, ದೊಡ್ಡ ಮೈಯವರು, ಕುರ್ಚಿ ಅವರನ್ನು ಹಿಡಿದುಕೊಂಡಿದ್ದೇ ಒಂದು ಸಾಹಸ. ಅವರ ಪಕ್ಕ ನಿವೃತ್ತರಾದ ಕನ್ನಡ ಪಂಡಿತರು. ಮಂಡಳಿಯಲ್ಲಿ ಅವರ ಮಾತೇ ನಡೆಯುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ನಾನು ಏಣಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ನನ್ನ ಮಗಳ ಹೆರಿಗೆಯಲ್ಲೂ ನಾನು ಅಷ್ಟು ಸಲ ದೇವರನ್ನು ಕರೆದಿರಲಿಲ್ಲ.

ಚೆನ್ನಾಗಿಯೇ ಶುರುವಾಯಿತು. ಮನೆ, ಒಳಕೋಣೆ, ಬರಹ. "ಈ ಬರಹದ ಭಾಗಕ್ಕೆ ವಂಶವಹಿ ಎಂದು ಕರೆಯುತ್ತಾರೆ," ಎಂದಳು. ಪುಸ್ತಕದ ಕನ್ನಡ ಮಾತಾಡುತ್ತಿದ್ದಳು.

ಪಂಡಿತರು ಕೈ ಎತ್ತಿದರು. "ಏನಂದಿರಿ?"

"ವಂಶವಹಿ, ಗುರುಗಳೇ."

"ವಂಶವಾಹಿ! ವಾ! ದೀರ್ಘ! ವಾಹಿ ಎಂದರೆ ಹೊರುವಂಥದ್ದು, ಒಯ್ಯುವಂಥದ್ದು. ವಹಿ ಎಂದರೆ ಕಿರಾಣಿ ಅಂಗಡಿಯ ಪುಸ್ತಕ. ಹ್ರಸ್ವ ದೀರ್ಘ ತಿಳಿಯದವರು ಕನ್ನಡದ ಮಕ್ಕಳಿಗೆ ವಿಜ್ಞಾನ ಹೇಳುವುದೇ?"

ಆಕೆ ನನ್ನ ಕಡೆ ನೋಡಿದಳು. ನಾನು ಏನು ಮಾಡಲಿ? ಆ ಶಬ್ದ ನಾನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದೇ ಆಕೆಯ ಬಾಯಿಂದ. ತಿದ್ದು ಎಂದು ಆಕೆ ನಂಬಿದ್ದು ನನ್ನನ್ನು. ಸರಿಯಿದೆ ಎಂದು ನಾನು ನಂಬಿದ್ದು ಆಕೆಯನ್ನು. ಇಬ್ಬರೂ ಸೇರಿ ಇಡೀ ವರ್ಷ ಒಂದು ಕಾಲೇಜಿನ ಹುಡುಗರಿಗೆ ತಪ್ಪು ಕಲಿಸಿದ್ದೆವು.

ಆಕೆ ನನ್ನ ಕಡೆ ಕೈಚಾಚಿದಳು. "ಯವ್ವಾ, ಏಣಿ ತರ್ರಿ."

ಕೊಂಡೊಯ್ದು ಕೊಟ್ಟೆ. ಬಟ್ಟೆ ಬಿಚ್ಚಿ ಎರಡೂ ಕೈಯಿಂದ ಎತ್ತಿ ಹಿಡಿದಳು. ಹಿಡಿದ ಕ್ಷಣ ಮುಂದಿನ ಬೆಂಚು ಕಿಸಕ್ಕೆಂದಿತು, ಆಮೇಲೆ ಹಾಲೆಲ್ಲ ನಗೆ. ಏಣಿ ಮೊಳಕೆ ಒಡೆದಿತ್ತು! ಮೆಟ್ಟಿಲು ಮೆಟ್ಟಿಲಿಗೆ ಹೆಸರುಕಾಳು ಬಿಳಿ ಬಾಲ ಹೊರಗೆ ಹಾಕಿ ಕೂತಿದ್ದವು.

ಅಧ್ಯಕ್ಷರ ಹೊಟ್ಟೆ ಕುಲುಕಿತು. "ಮೇಡಂ, ಪಾಠ ಮಾಡ್ತೀರೋ ಕೋಸಂಬರಿ ಮಾಡ್ತೀರೋ?"

ಆಯಿತು, ಗಂಟುಮೂಟೆ ಎಂದುಕೊಂಡೆ. ಆಕೆ ಏಣಿಯನ್ನು ಮೇಜಿನ ಮೇಲಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಆ ಮೊಳಕೆಗಳನ್ನೇ ನೋಡುತ್ತ ನಿಂತಳು. ನಗೆ ಇಳಿಯುತ್ತ ಬಂತು. ಆಗ ಕೇಳಿಸಿತು, ಸರಕ್ಕನೆ ಬಳೆ ಮೇಲೇರಿದ ಸದ್ದು.

"ಯಾ ಅಲ್ಲಾ! ನೋಡ್ರಿ! ಎಲ್ಲಾರೂ ನೋಡ್ರಿ!" ಪುಸ್ತಕದ ಕನ್ನಡ ಎಲ್ಲೋ ಹಾರಿಹೋಯಿತು, ನನ್ನ ಹೊಸ್ತಿಲಿನ ಕನ್ನಡ ಬಂತು. "ಅಧ್ಯಕ್ಷರೇ, ನಿಮ್ಮ ಗಿರಣ್ಯಾಗ ಭತ್ತದ ಚೀಲ ಇರ್ತಾವಲ್ರಿ, ಮೊಳಕಿ ಒಡೀತಾವೇನು?"

"ಒಣಗಿದ್ದು ಯಾಕ ಒಡೀತದವಾ? ಮಳಿ ನೀರು ತಾಕಿದ್ರ ಒಡೀತದ, ನಮ್ಮ ಹೊಟ್ಟಿ ಉರೀತದ."

"ಹಾಂ! ಒಣಾ ಕಾಳಿನಾಗ ವಹಿ ಇರಲಿಲ್ಲೇನು? ಇತ್ತು! ಯವ್ವಾರ ಡಬ್ಬ್ಯಾಗ ತಿಂಗಳುಗಟ್ಟಲೆ ಇತ್ತು. ಬೇರು ಮಾಡೋದು ಹ್ಯಾಂಗ, ಎಲಿ ಮಾಡೋದು ಹ್ಯಾಂಗ, ಎಲ್ಲಾ ಅದರಾಗ ಬರದಿತ್ತು. ಯಾಕ ಸುಮ್ನಿತ್ತು? ಹಾಳಿ ಮುಚ್ಚಿತ್ತು. ಯಾರು ತೆಗದ್ರು?"

ಮುಂದಿನ ಬೆಂಚಿನಿಂದ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಚೀರಿದಳು: "ನೀರು, ಮೇಡಂ!"

"ನೀರು! ನೀರು ಬಾಗಿಲಾ ಬಡೀತು. ಒಳಗ ಒಂದು ಹಾಳಿ ತೆರೀತು. ಅದರ ನಕಲು ಅಡುಗಿಮನಿಗೆ ಓಡ್ತು. ಅಲ್ಲಿ ಒಂದು ಪ್ರೋಟೀನು ತಯಾರಾತು. ಆ ಪ್ರೋಟೀನು ಏನು ಮಾಡ್ತದ? ಕಾಳಿನಾಗಿನ ಹಿಟ್ಟನ್ನ ಒಡದು ಸಕ್ರಿ ಮಾಡ್ತದ, ಮರಿಗಿಡಕ್ಕ ಊಟ! ನಂಬಂಗಿಲ್ಲೇನು? ತಿಂದು ನೋಡ್ರಿ!"

ಏಣಿಯ ಒಂದು ಮೆಟ್ಟಿಲು ಕಿತ್ತು, ದಾರ ಜಗ್ಗಿ, ಮೊಳಕೆ ಬಂದ ಕಾಳನ್ನು ಅಧ್ಯಕ್ಷರ ಅಂಗೈಯಲ್ಲಿ ಇಟ್ಟೇಬಿಟ್ಟಳು. ಅವರು ಅತ್ತಿತ್ತ ನೋಡಿದರು. ಬಾಯಿಗೆ ಹಾಕಿಕೊಂಡರು. ಇಡೀ ಹಾಲ್ ಅವರ ದವಡೆಯನ್ನೇ ನೋಡುತ್ತಿತ್ತು.

"ಸಿಹಿ ಅದ," ಎಂದರು ಅಧ್ಯಕ್ಷರು. ಮತ್ತೊಂದು ಸಲ ಜಗಿದು, "ಖರೇನೇ ಸಿಹಿ ಅದ ಅಲ್ರಿ! ಪಂಡಿತರೇ, ನೀವೂ ತಿನ್ರಿ."

ಪಂಡಿತರು ತಿಂದರು. ಬೇಡವೆನ್ನಲು ಆಗಲಿಲ್ಲ. ನುಂಗಿ, ಶಲ್ಯದಿಂದ ತುಟಿ ಒರೆಸಿಕೊಂಡು ಹೇಳಿದರು: "ಸಿಹಿ ಇದೆ. ಆದರೆ ಶಬ್ದ ವಂಶವಾಹಿಯೇ."

"ಹೌದ್ರಿ ಗುರುಗಳೇ, ಶಬ್ದ ನೀವು ಹೇಳಿದ್ದೇ. ಇವತ್ತು ಕಲ್ತೆ," ಎಂದು ಆಕೆ ಕೈಮುಗಿದಳು. ಬಳೆ ಮಾತ್ರ ಇನ್ನೂ ಮೊಣಕೈಯಲ್ಲೇ ಇದ್ದವು. "ಒಯ್ಯೋದೂ ಅದೇ. ಆದ್ರ ಒಯ್ಯಾಕ ಒಳಗ ಏನರ ಬರದಿರಬೇಕಲ್ರಿ?"

ಅಷ್ಟರಲ್ಲಿ ಅಧ್ಯಕ್ಷರು ಎದ್ದರು. "ವಹಿ ಇಲ್ಲದ ಅಂಗಡಿ ನಾ ನೋಡಿಲ್ಲ. ಸಾಕು ಬಿಡ್ರಿ. ಇಷ್ಟು ವರ್ಷ ಗಿರಣಿ ನಡಸೀನಿ, ಮೊಳಕಿ ಒಡದ ಭತ್ತ ಯಾಕ ಸಿಹಿ ಅಂತ ಯಾರೂ ನನಗ ಹೇಳಿದ್ದಿಲ್ಲ."

ಕೆಲಸ ಕಾಯಂ ಆಯಿತು. ಅಣ್ಣ ರಾಯಚೂರಿನಿಂದ ಬಸ್ಸಿನಲ್ಲಿ ಕರೆದೊಯ್ಯಲು ಬಂದೇಬಿಟ್ಟಿದ್ದ, ಖಾಲಿ ಟ್ರಂಕು ಬೇರೆ ತಂದಿದ್ದ. ಆಕೆ ಕಾಲೇಜಿನಲ್ಲಿದ್ದಳು. ನಾನೇ ಬಾಗಿಲಲ್ಲಿ ನಿಂತು, "ಕಾಯಂ ಆಗ್ಯಾದಪ್ಪಾ. ಚಾ ಕುಡದು ಟ್ರಂಕು ತಗೊಂಡು ಹೋಗು," ಎಂದೆ. ಒಳ್ಳೆಯ ಮನುಷ್ಯ. ಚಹ ಕುಡಿದು, ಟ್ರಂಕನ್ನು ತಂಗಿಗೇ ಬಿಟ್ಟು ಹೋದ.

ಹುಡುಗರಿಗೆ ಅದಾದ ಮೇಲೆ ಆಕೆ ಹೇಳಿಕೊಟ್ಟದ್ದು ಇಷ್ಟು: "ಪರೀಕ್ಷ್ಯಾಗ ದೀರ್ಘ ಬರೀರಿ. ತಲ್ಯಾಗ ಹ್ರಸ್ವ ಇಟಗೋರಿ." ಏಣಿಯನ್ನು ನಾವು ಹಿತ್ತಲಲ್ಲಿ ಮಣ್ಣಿಗೆ ಹಾಕಿದೆವು. ತೊಗರಿ ಹುಟ್ಟಿತು, ಅಲಸಂದಿ ಬಳ್ಳಿ ಅದರ ಮೇಲೇ ಹಬ್ಬಿತು. "ಜೋಡಿ ತಪ್ಪಿದ್ರಿ ಇಬ್ರೂ!" ಎಂದು ಆಕೆ ಗಿಡಗಳಿಗೆ ಬೈಯುತ್ತಿದ್ದಳು.

ಕೆಲವು ವರ್ಷ ನಮ್ಮಲ್ಲೇ ಇದ್ದಳು. ನಮ್ಮ ಅತ್ತೆ ತೀರಿಕೊಂಡಾಗ ಸೊಸೆ 'ಇನ್ನು ಹೋಳಿಗಿ ಹ್ಯಾಂಗ ಮಾಡೋದು' ಎಂದಳು. "ಯವ್ವಾರ ಹತ್ರ ನಕಲು ಉಳದದಲ್ರಿ," ಎಂದದ್ದು ಆಕೆಯೇ. ಆಮೇಲೆ ತನಗೆ ಬೇಕಾದ ಹುಡುಗನನ್ನು, ಗಣಿತದ ಮೇಷ್ಟ್ರನ್ನು, ತಾನೇ ನೋಡಿ ಮದುವೆಯಾಗಿ ಬೀದರ ಕಡೆ ಹೋದಳು. ಎರಡು ಸಲ ಹಬ್ಬಕ್ಕೆ ಬಂದಿದ್ದಳು. ಆಮೇಲೆ ಇಲ್ಲ. ಹೋದವರನ್ನು ನೆನೆದು ಕೂರುವ ಪೈಕಿ ನಾನಲ್ಲ. ಈಗ ಬರೆಯುತ್ತಿರುವುದಕ್ಕೆ ಬೇರೆ ಕಾರಣ ಇದೆ.

ಆ ಪಾಠ ನಡೆದು ಹದಿಮೂರು ಹದಿನಾಲ್ಕು ವರ್ಷವಾಯಿತು. ಮೊನ್ನೆ ನನ್ನ ಮಗಳ ಮಗನಿಗೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕರೆಂಟಿನ ಕೆಲಸ ಸಿಗುವುದಿತ್ತು. ವೈರಿಂಗ್ ಕಲಿತ ಹುಡುಗ. ಎಲ್ಲ ಆಗಿ ಕಣ್ಣಿನ ಪರೀಕ್ಷೆಯಲ್ಲಿ ಬಿದ್ದ. ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದರೆ ಒಳಗಿನ ಅಂಕಿ ಇವನಿಗೆ ಕಾಣಲೇ ಇಲ್ಲವಂತೆ. ಅಳಿಯ, ಡಾಕ್ಟರು ಕೈಬಿಸಿ ಮಾಡಲು ನೋಡುತ್ತಿದ್ದಾರೆ ಎಂದು ಕೂಗಾಡಿದ. ಮಗಳು ಹಣೆ ಹಣೆ ಬಡಿದುಕೊಂಡಳು. ನಾನು ಹುಡುಗನನ್ನು ಕರೆದುಕೊಂಡು ರಾಯಚೂರಿಗೆ ಹೋದೆ, ಆ ಡಾಕ್ಟರನ್ನೇ ಕೇಳಿ ಬರೋಣ ಎಂದು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಇವನನ್ನು ಕೂರಿಸಿ ಮತ್ತೆ ಪುಸ್ತಕ ತೋರಿಸಿದಳು. ಮುಚ್ಚಿಟ್ಟು ನನ್ನ ಕಡೆ ತಿರುಗಿದಳು.

"ಯಾರ ತಪ್ಪೂ ಅಲ್ರಿ ಅಮ್ಮಾ. ಇವನಿಗೆ ಕೆಂಪು ಹಸಿರು ಸರಿ ತಿಳಿಯಂಗಿಲ್ಲ. ಅಲ್ಲಿ ವೈರಿನ ಬಣ್ಣ ತಪ್ಪಿದ್ರ ಜೀವ ಹೋಗ್ತದ, ಅದಕ್ಕ ತಗೊಳ್ಳಂಗಿಲ್ಲ. ಬಣ್ಣ ನೋಡೋದು ಇಲ್ಲದ ಬ್ಯಾರೆ ಕೆಲಸಕ್ಕ ಹಾಕಲಿ, ನಾನೇ ಬರದು ಕೊಡ್ತೀನಿ. ನಿಮ್ಮ ತವರಾಗ ಯಾರಿಗರ ಇತ್ತೇನು? ಇದು ವಂಶವಹಿಯಾಗ ಒಂದು ಹಾಳಿ..."

"ನಿಲ್ಲು," ಎಂದೆ. "ಏನಂದಿ?"

ಆಕೆ ನಾಲಿಗೆ ಕಚ್ಚಿಕೊಂಡಳು. "ವಂಶವಾಹಿ, ಅಮ್ಮಾ."

"ಅದಲ್ಲ. ಮದ್ಲ ಅಂದ್ಯಲ್ಲ, ಅದು."

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಾನ್ವಿಯಾಗ ಓದೀಯೇನು?"

"ನಿಮಗ ಹ್ಯಾಂಗ ಗೊತ್ತಾತ್ರಿ?" ಆಕೆಯ ಕಣ್ಣು ದೊಡ್ಡವಾದವು. ಆಗ ಕಂಡಳು ನನಗೆ, ಎರಡು ಜಡೆ, ಕೆಂಪು ರಿಬ್ಬನ್. "ನಮಗೊಬ್ರು ಮೇಡಂ ಇದ್ರು. ಅವರು ಹಂಗೇ ಕಲಿಸಿದ್ರು, ಬಾಯಿಂದ ಹೋಗಂಗೇ ಇಲ್ಲ ನೋಡ್ರಿ. ಒಂದಿನ ಅಧ್ಯಕ್ಷರಿಗೇ ಹಸಿ ಕಾಳು ತಿನಿಸಿ..."

"ಆ ಹೆಸರುಕಾಳು ನಮ್ಮ ಮನೀವು," ಎಂದೆ.

ಡಾಕ್ಟರು ಕುರ್ಚಿ ಬಿಟ್ಟು ಎದ್ದಳು. ಎರಡೂ ಕೈಯ ಬಿಳಿ ಕೋಟಿನ ತೋಳನ್ನು ಮೊಣಕೈವರೆಗೆ ಸರಕ್ಕನೆ ಏರಿಸಿದಳು.